ಹಸುಗೂಸಿನ ನೋವಿಗೂ ಅಂಕ: ಆನ್‌ಲೈನ್ ತರಬೇತಿಯೊಂದೇ ಸಾಕೇ?

ಚೆನ್ನೈ: ಹುಟ್ಟಿದ ಮಗುವಿಗೆ ಮೊದಲ ದಿನವೇ ಸೂಜಿಯ ಪರಿಚಯವಾಗುತ್ತದೆ. ವಿಟಮಿನ್ ಕೆ, ಬಿಸಿಜಿ, ಹೆಪಟೈಟಿಸ್ ಬಿ ಹೀಗೆ. ತಿಂಗಳು ತುಂಬದೆ ಹುಟ್ಟಿದ ಕೂಸಾದರೆ ರಕ್ತಪರೀಕ್ಷೆ, ಡ್ರಿಪ್ ಎಂದು ದಿನಕ್ಕೆ ಹಲವು ಬಾರಿ ಚುಚ್ಚುವುದುಂಟು. ಆ ನೋವನ್ನು ಅಳೆಯುವುದು ಹೇಗೆಂದು ನರ್ಸ್‌ಗಳಿಗೆ ಆನ್‌ಲೈನ್ ಮೂಲಕ ಕಲಿಸುವ ಕ್ರಮ ಈಗ ಬಂದಿದೆ. ತಿರುವೊಟ್ಟಿಯೂರಿನ ಕನ್ನಡ ಕುಟುಂಬಗಳು ಹೆರಿಗೆಗೆ ರಾಯಪುರಂನ ಸರ್ಕಾರಿ ಆರ್.ಎಸ್.ಆರ್.ಎಂ. ಆಸ್ಪತ್ರೆಗೆ ಹೋಗಲಿ, ಹತ್ತಿರದ ನರ್ಸಿಂಗ್ ಹೋಮ್‌ಗೆ ಹೋಗಲಿ, ಇದು ನಮಗೂ ಸಂಬಂಧಿಸಿದ ವಿಷಯ.

ಶಿಶುಗಳಿಗೆ ನೋವು ತಿಳಿಯದೆಂದು ವೈದ್ಯರೇ ನಂಬಿದ್ದ ಕಾಲ ಬಹಳ ಹಿಂದಿನದೇನಲ್ಲ. 1985ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಜೆಫ್ರಿ ಲಾಸನ್ ಎಂಬ ಅವಧಿಪೂರ್ವ ಶಿಶುವಿಗೆ ಅರಿವಳಿಕೆಯಿಲ್ಲದೆ ಎದೆ ಕೊಯ್ದು ಶಸ್ತ್ರಚಿಕಿತ್ಸೆ ಮಾಡಲಾಯಿತು. ಕೊಟ್ಟಿದ್ದು ಸ್ನಾಯುಗಳನ್ನು ಸ್ತಬ್ಧಗೊಳಿಸುವ ಔಷಧ ಮಾತ್ರ. ಕೂಸಿಗೆ ಕೈಕಾಲು ಆಡಿಸಲೂ ಆಗುತ್ತಿರಲಿಲ್ಲ. ಕೆಲವು ವಾರಗಳ ನಂತರ ಮಗು ತೀರಿಕೊಂಡಿತು. ತಾಯಿ ಸುಮ್ಮನಿರಲಿಲ್ಲ, ವಿಷಯ ಪತ್ರಿಕೆಗಳಿಗೆ ಬಂತು. ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋಗಿದ್ದ ಡಾ. ಕೆ.ಜೆ.ಎಸ್. ಆನಂದ್ ನವಜಾತ ಶಿಶುವಿಗೂ ನೋವಾಗುತ್ತದೆ ಎಂದು 1987ರಲ್ಲಿ ಆಧಾರ ಸಮೇತ ಬರೆದರು. ಅಲ್ಲಿಂದ ವೈದ್ಯಲೋಕದ ನಿಲುವು ಬದಲಾಗತೊಡಗಿತು.

ಮಾತು ಬಾರದ ಕೂಸಿನ ನೋವನ್ನು ಅಳೆಯುವ ಮಾಪಕಗಳು ಹಲವಿವೆ. ಎನ್‌ಐಪಿಎಸ್ ಎಂಬುದರಲ್ಲಿ ಮುಖಭಾವ, ಅಳು, ಉಸಿರಾಟ, ಕೈ, ಕಾಲು, ಎಚ್ಚರದ ಸ್ಥಿತಿ ಈ ಆರನ್ನು ನೋಡಿ 0ಯಿಂದ 7ರವರೆಗೆ ಅಂಕ ಕೊಡುತ್ತಾರೆ. ಅವಧಿಪೂರ್ವ ಶಿಶುಗಳಿಗೆ 1996ರಲ್ಲಿ ಬಂದ ಪಿಐಪಿಪಿ ಎಂಬ ಇನ್ನೊಂದು ಮಾಪಕವಿದ್ದು, ಅದರ ಪರಿಷ್ಕೃತ ರೂಪವನ್ನು ಕಲಿಸಲು ಕೆನಡಾದ ಟೊರೊಂಟೊದಲ್ಲಿ ಆನ್‌ಲೈನ್ ಪಾಠ ಸಿದ್ಧವಾಗಿದೆ.

ರಾತ್ರಿ ಪಾಳಿಯ ನರ್ಸ್ ಬಿಡುವಾದಾಗ ನೋಡಬಹುದು, ಕೂಸಿನ ಮುಖದ ವಿಡಿಯೋವನ್ನು ಮತ್ತೆ ಮತ್ತೆ ಹಾಕಿಕೊಳ್ಳಬಹುದು. ಅಷ್ಟು ಅನುಕೂಲ ನಿಜ. ಆದರೆ ಬ್ಯಾಂಕುಗಳ ಆನ್‌ಲೈನ್ ತರಬೇತಿ ಕಂಡವರಿಗೆ ಗೊತ್ತು, ಗುಂಡಿ ಒತ್ತುತ್ತ ಹೋದರೂ ಸರ್ಟಿಫಿಕೇಟ್ ಬಂದುಬಿಡುತ್ತದೆ! ತೀರಾ ನಿತ್ರಾಣವಾದ ಕೂಸು ನೋವಾದರೂ ಅಳುವುದಿಲ್ಲ. ಅದನ್ನು ಗುರುತಿಸಲು ಅನುಭವಿ ನರ್ಸ್ ಜೊತೆ ತೊಟ್ಟಿಲ ಪಕ್ಕ ನಿಂತು ಇಬ್ಬರೂ ಅಂಕ ಹಾಕಿ ತಾಳೆ ನೋಡಬೇಕು. ಎಷ್ಟು ಮಂದಿ ಪಾಸಾದರು ಎನ್ನುವುದಕ್ಕಿಂತ, ಜ್ವರ, ನಾಡಿಬಡಿತದ ಜೊತೆ ಕೇಸ್ ಶೀಟ್‌ನಲ್ಲಿ ನೋವಿನ ಅಂಕವೂ ಇದೆಯೇ ಎಂಬುದೇ ನಿಜವಾದ ಲೆಕ್ಕ.

ಅಂಕ ಹಾಕಿ ಕೈಕಟ್ಟಿ ಕೂತರೂ ಉಪಯೋಗವಿಲ್ಲ. ಸೂಜಿ ಚುಚ್ಚುವಾಗ ತಾಯಿ ಎದೆಹಾಲು ಕೊಡುತ್ತಿದ್ದರೆ, ಇಲ್ಲವೇ ಕೂಸನ್ನು ಬರಿಮೈಗೆ ಅಪ್ಪಿಕೊಂಡಿದ್ದರೆ ನೋವು ಕಡಿಮೆಯಾಗುತ್ತದೆ. ಹೀಗೆ ಅಪ್ಪಿಕೊಳ್ಳುವ ಕಾಂಗರೂ ಆರೈಕೆಯನ್ನು ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಗಳ ಮೂಲಕ ವ್ಯಾಪಕವಾಗಿ ನಡೆಸಿ ತೋರಿಸಿದ್ದಾರೆ. ಮನೆಯಲ್ಲಿ ಜೇನು ನೆಕ್ಕಿಸುವುದು ಮಾತ್ರ ಬೇಡ, ಅದು ಕೂಸಿಗೆ ಅಪಾಯ.

ಹೆತ್ತವರನ್ನು ನವಜಾತ ಶಿಶು ಘಟಕದೊಳಗೆ ಬಿಟ್ಟು ಆರೈಕೆಯಲ್ಲಿ ಸೇರಿಸಿಕೊಳ್ಳಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಲಸಿಕೆ ಹಾಕುವಾಗ ಹಾಲೂಡಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ 2015ರಲ್ಲಿ ಶಿಫಾರಸು ಮಾಡಿದೆ. ಆದ್ದರಿಂದ ಹಾಲೂಡಿಸುತ್ತ ಕೂರಲು ಜಾಗ ಕೇಳುವುದಕ್ಕೆ ಸಂಕೋಚ ಬೇಡ. ಬಾಣಂತಿಗೆ ತಮಿಳು ಬಾರದಿದ್ದರೆ ಜೊತೆಗೆ ಹೋದವರು ಕೇಳಲಿ.