ಕೆಳಗಿಳಿದ ತಂಡ, ಹೊಸ ಹುಡುಗರು ಮತ್ತು ನನ್ನದೊಂದು ತಪ್ಪೊಪ್ಪಿಗೆ

ತುಂಬಾ ದಿನದಿಂದ ಬರೆಯಬೇಕು ಅಂದುಕೊಂಡು ಮುಂದಕ್ಕೆ ಹಾಕುತ್ತಲೇ ಬಂದಿದ್ದ ವಿಷಯ ಇದು. ಕ್ರಿಕೆಟ್ ಬಿಟ್ಟು ಬೇರೆ ಆಟದ ಬಗ್ಗೆ ಬರೆದರೆ ಯಾರು ಓದುತ್ತಾರೆ ಅನ್ನೋ ಅನುಮಾನ ಒಂದು ಕಡೆ. ನನ್ನ ತಪ್ಪನ್ನು ನಾನೇ ಹೇಳಿಕೊಳ್ಳಬೇಕಲ್ಲ ಅನ್ನೋ ಸಂಕೋಚ ಇನ್ನೊಂದು ಕಡೆ. ಇರಲಿ, ಇವತ್ತು ಬರೆದೇ ಬಿಡುತ್ತೇನೆ.

ನನ್ನ ಅಕ್ಕನ ಸಂಸಾರ ಇರೋದು ಇಂಗ್ಲೆಂಡಿನ ಈಶಾನ್ಯ ಮೂಲೆಯ ಸಂಡರ್‌ಲ್ಯಾಂಡ್‌ನಲ್ಲಿ. ಅವಳ ಮಗ ಅಲ್ಲಿನ ಫುಟ್‌ಬಾಲ್ ಕ್ಲಬ್‌ನ ಕಟ್ಟಾ ಅಭಿಮಾನಿ. 2018ರ ಜುಲೈ, ಅವನಿಗಾಗ ಹತ್ತು ವರ್ಷ. ಭಾನುವಾರ ಫೋನ್ ಮಾಡಿದಾಗ ಅಕ್ಕನ ಕೈಯಿಂದ ಫೋನ್ ಕಿತ್ತುಕೊಂಡು, "ಮಾಮ, ಈ ಸಲ ಬಂದಿರೋರು ಹೋದ ವರ್ಷದವರ ಥರ ಅಲ್ಲ. ಇವರು ನಮಗೋಸ್ಕರ ಆಡ್ತಾರೆ" ಅಂದ. ನಾನು ಜೋರಾಗಿ ನಕ್ಕು, "ಲೋ, ಹೋದ ವರ್ಷಾನೂ ಇದನ್ನೇ ಹೇಳಿದ್ಯಲ್ಲೋ!" ಅಂದೆ. ಆ ಕಡೆಯಿಂದ ಮಾತೇ ಇಲ್ಲ. ಫೋನನ್ನು ಅಮ್ಮನ ಕೈಗೆ ಕೊಟ್ಟು ಹೊರಟುಹೋಗಿದ್ದ. "ಮಗೂಗೆ ಬೇಜಾರು ಮಾಡಿಬಿಟ್ಟೆ ಕಣೋ" ಅಂತ ಅಕ್ಕ ಬೈದಳು.

ಫುಟ್‌ಬಾಲ್ ಅಷ್ಟಾಗಿ ನೋಡದವರಿಗೆ ಒಂದು ಮಾತು. ನಮ್ಮ ಆರ್‌ಸಿಬಿ 2017ರಲ್ಲೂ 2019ರಲ್ಲೂ ಪಟ್ಟಿಯ ಕೊನೆಯಲ್ಲಿತ್ತು. ಆದರೂ ಮರುವರ್ಷ ಅದೇ ಐಪಿಎಲ್, ಅದೇ ಕೊಹ್ಲಿ, ಅದೇ 'ಈ ಸಲ ಕಪ್ ನಮ್ದೇ'. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಹಾಗಿಲ್ಲ. ಪ್ರೀಮಿಯರ್ ಲೀಗ್‌ನ ಕೊನೆಯ ಮೂರು ತಂಡಗಳಿಗೆ ಪ್ರತಿವರ್ಷ ಹಿಂಬಡ್ತಿ, ಸೀದಾ ಕೆಳಗಿನ ಡಿವಿಷನ್‌ಗೆ. ಟಿವಿಯಿಂದ ಬರೋ ದುಡ್ಡು ಇಳಿಯುತ್ತೆ, ಒಳ್ಳೆ ಆಟಗಾರರು ಗಂಟು ಕಟ್ಟುತ್ತಾರೆ, ಆ ಜಾಗಕ್ಕೆ ಅಗ್ಗಕ್ಕೆ ಸಿಕ್ಕವರು, ಲೋನ್ ಮೇಲೆ ಬಂದವರು ಸೇರುತ್ತಾರೆ. ಬಂದವರೆಲ್ಲ ಕ್ಲಬ್‌ನ ಅಂಗಿ ಹಿಡಿದು ಫೋಟೋ ತೆಗೆಸಿಕೊಂಡು, ಇಲ್ಲಿನ ಅಭಿಮಾನಿಗಳಿಗೋಸ್ಕರ ಬಂದೆ ಅನ್ನುತ್ತಾರೆ. ಜುಲೈ ತಿಂಗಳಲ್ಲಿ ಎಲ್ಲರೂ ಹುಲಿಗಳೇ!

ಸಂಡರ್‌ಲ್ಯಾಂಡ್ ಹತ್ತು ವರ್ಷ ಪ್ರೀಮಿಯರ್ ಲೀಗ್‌ನಲ್ಲಿದ್ದು 2017ರಲ್ಲಿ ಕೆಳಗಿಳಿಯಿತು. ಗೋಲ್‌ಕೀಪರ್ ಪಿಕ್‌ಫರ್ಡ್ ಎವರ್ಟನ್‌ಗೆ, ಗೋಲು ಹೊಡೆಯುತ್ತಿದ್ದ ಡಿಫೋ ಬೋರ್ನ್‌ಮತ್‌ಗೆ ಹೋದರು. ಬೋರ್ನ್‌ಮತ್‌ನಿಂದ ಲೂಯಿಸ್ ಗ್ರಾಬನ್ ಲೋನ್ ಮೇಲೆ ಬಂದ, ಚೆನ್ನಾಗಿಯೇ ಆಡಿ 12 ಗೋಲು ಹೊಡೆದ. ಆದರೆ ಜನವರಿಯಲ್ಲೇ ವಾಪಸ್ ಹೋದ, ಉಳಿದರ್ಧ ಸೀಸನ್ ಆಸ್ಟನ್ ವಿಲ್ಲಾಗೆ ಆಡಿದ. ಸಂಡರ್‌ಲ್ಯಾಂಡ್ ಕಟ್ಟಕಡೆಯ ಸ್ಥಾನದಲ್ಲಿ ಮುಗಿಸಿ 2018ರಲ್ಲಿ ಮೂರನೇ ಡಿವಿಷನ್‌ಗೆ ಜಾರಿತು. ಎರಡು ವರ್ಷದಲ್ಲಿ ಎರಡು ಹಿಂಬಡ್ತಿ. ನಾನು ನಕ್ಕಿದ್ದು ಈ ಲೆಕ್ಕ ಗೊತ್ತಿದ್ದರಿಂದ. ಲೆಕ್ಕ ಸರಿಯಾಗಿಯೇ ಇತ್ತು. ನಕ್ಕಿದ್ದು ಮಾತ್ರ ತಪ್ಪು.

ಯಾಕೆ ತಪ್ಪು ಅಂತ ಗೊತ್ತಾಗಿದ್ದು ಆ ಊರಿನ ಕಥೆ ಓದಿದ ಮೇಲೆ. ಸಂಡರ್‌ಲ್ಯಾಂಡ್ ಹಡಗು ಕಟ್ಟುವ, ಕಲ್ಲಿದ್ದಲು ತೆಗೆಯುವ ಊರು. ಹಡಗುಕಟ್ಟೆಗಳು 1988ರಲ್ಲಿ ಮುಚ್ಚಿದವು. ಮಾಂಕ್‌ವೇರ್‌ಮೌತ್ ಗಣಿ 1993ರಲ್ಲಿ ಮುಚ್ಚಿತು. ಆ ಗಣಿಯಿದ್ದ ಜಾಗದಲ್ಲೇ 1997ರಲ್ಲಿ ಕ್ಲಬ್‌ನ ಈಗಿನ ಕ್ರೀಡಾಂಗಣ ಎದ್ದಿತು. ಹೆಸರು ಸ್ಟೇಡಿಯಂ ಆಫ್ ಲೈಟ್, ಹೊರಗೆ ಗಣಿ ಕೆಲಸಗಾರರ ದೀಪದ ದೊಡ್ಡದೊಂದು ಪ್ರತಿಕೃತಿ. ಕೆಲಸ ಕೊಟ್ಟವರೆಲ್ಲ ಬಾಗಿಲು ಹಾಕಿಕೊಂಡು ಹೋದ ಊರಿನಲ್ಲಿ, 'ಇವನು ನಿಲ್ಲುತ್ತಾನಾ?' ಅನ್ನೋದು ಬರೀ ಆಟದ ಪ್ರಶ್ನೆ ಅಲ್ಲ. ಎಲ್ಲರೂ ಹೊರಡುವ ಹೊತ್ತಿನಲ್ಲಿ ಒಬ್ಬ ಹೊಸಬ ಒಳಗೆ ಬಂದರೆ ಜನಕ್ಕೆ ಜೀವ ಬಂದಂತಾಗುತ್ತದೆ. ಅದನ್ನು ದಡ್ಡತನ ಅನ್ನೋಕೆ ನಾನ್ಯಾರು?

ಆ ಜನರ ನಿಷ್ಠೆಗೆ ಒಂದು ಲೆಕ್ಕ ಕೊಡುತ್ತೇನೆ. 2018ರ ಡಿಸೆಂಬರ್ 26ರಂದು ಬ್ರಾಡ್‌ಫರ್ಡ್ ವಿರುದ್ಧ ಮೂರನೇ ಡಿವಿಷನ್‌ನ ಒಂದು ಸಾಮಾನ್ಯ ಪಂದ್ಯ. ಬಂದವರು 46,039 ಮಂದಿ! ಅವರ ಜೊತೆ ಯಾರೂ ಕರಾರು ಮಾಡಿಕೊಂಡಿರಲಿಲ್ಲ. ತಂಡ ಕೆಳಗಿಳಿದರೆ ಬಿಟ್ಟು ಹೋಗಬಹುದು ಅನ್ನೋ ಷರತ್ತು ಆಟಗಾರರ ಕಾಗದದಲ್ಲಿ ಇರಬಹುದು, ಅಭಿಮಾನಿಗೆ ಅದೂ ಇಲ್ಲ.

ಇನ್ನು ನಮ್ಮ ಹುಡುಗ ಹೇಳಿದ 'ಈ ಸಲ ಬಂದಿರೋರು'. ಅವರಲ್ಲಿ ಬಹಳಷ್ಟು ಜನ ಒಬ್ಬೊಬ್ಬರಾಗಿ ಹೊರಟುಹೋದರು. ಆದರೆ ವೈಕಂಬ್ ಅನ್ನೋ ಸಣ್ಣ ಕ್ಲಬ್‌ನಿಂದ ಲ್ಯೂಕ್ ಓನಿಯೆನ್ ಅಂತ ಒಬ್ಬ ಬಂದಿದ್ದ. ದೊಡ್ಡ ಹೆಸರೇನೂ ಅಲ್ಲ. ಬಂದಿದ್ದು ಮಿಡ್‌ಫೀಲ್ಡರ್ ಆಗಿ, ಆಮೇಲೆ ಬಲಗಡೆಯ ರಕ್ಷಣೆಗೆ ನಿಲ್ಲು ಅಂದರೆ ನಿಂತ, ನಡುವೆ ನಿಲ್ಲು ಅಂದರೆ ಅಲ್ಲೂ ನಿಂತ. 2019ರಲ್ಲಿ ಪ್ಲೇ-ಆಫ್ ಫೈನಲ್ ಅನ್ನು ಕೊನೆಯ ಗಳಿಗೆಯಲ್ಲಿ ಚಾರ್ಲ್‌ಟನ್‌ಗೆ ಸೋತಾಗಲೂ ಇದ್ದ. 2022ರಲ್ಲಿ ಅವನ ಹಳೆಯ ಕ್ಲಬ್ ವೈಕಂಬನ್ನೇ 2-0ರಿಂದ ಸೋಲಿಸಿ ಎರಡನೇ ಡಿವಿಷನ್‌ಗೆ ಹತ್ತಿದಾಗಲೂ ಇದ್ದ. 2025ರ ಮೇ 24ರಂದು ವೆಂಬ್ಲಿಯಲ್ಲಿ ಪ್ರೀಮಿಯರ್ ಲೀಗ್‌ಗೆ ಮರಳುವ ಫೈನಲ್. ಆಟ ಶುರುವಾದ ಕೆಲವೇ ನಿಮಿಷದಲ್ಲಿ ಭುಜಕ್ಕೆ ಪೆಟ್ಟಾಗಿ ಪಾಪ ಹೊರಗೆ ನಡೆಯಬೇಕಾಯಿತು. ಏಳು ವರ್ಷ ಕಾದ ಆಟ, ದಕ್ಕಿದ್ದು ಕೆಲವೇ ನಿಮಿಷ.

ಹಾಗಾದರೆ ಆ ದಿನ ಗೆಲ್ಲಿಸಿದವರು ಯಾರು? ಟಾಮಿ ವಾಟ್ಸನ್, 19 ವರ್ಷದ ಹುಡುಗ, ಕ್ಲಬ್‌ನ ಅಕಾಡೆಮಿಯಲ್ಲೇ ಬೆಳೆದವನು. ಶೆಫೀಲ್ಡ್ ಯುನೈಟೆಡ್ ವಿರುದ್ಧ 95ನೇ ನಿಮಿಷದಲ್ಲಿ ಗೋಲು ಹೊಡೆದು 2-1 ಮಾಡಿದ. ತಮಾಷೆ ಏನು ಗೊತ್ತಾ? ಅಷ್ಟು ಹೊತ್ತಿಗಾಗಲೇ ಅವನು ಬ್ರೈಟನ್‌ಗೆ ಹೋಗುವುದು ನಿಶ್ಚಯವಾಗಿತ್ತು. ಅದು ಸಂಡರ್‌ಲ್ಯಾಂಡ್ ಪರ ಅವನ ಕೊನೆಯ ಆಟ.

ಇಲ್ಲೇ ನನ್ನ ವಾದ ಇರೋದು. ಅಭಿಮಾನಿಗಳು 'ಬದ್ಧತೆ' ಅಂದಾಗ ಅದರಲ್ಲಿ ಎರಡು ಅರ್ಥ ಕಲೆಸಿಕೊಂಡಿರುತ್ತವೆ. ನಮ್ಮ ಜೊತೆ ಉಳಿಯುತ್ತಾನಾ ಅನ್ನೋದು ಒಂದು. ಇರುವಷ್ಟು ದಿನ ಪೂರ್ತಿ ಕೊಡುತ್ತಾನಾ ಅನ್ನೋದು ಇನ್ನೊಂದು. ಮೊದಲನೆಯದನ್ನು ಕೇಳುವ ಹಕ್ಕು ನಮಗಿಲ್ಲ, ಎರಡನೆಯದನ್ನು ಧಾರಾಳವಾಗಿ ಕೇಳಬಹುದು. ಓನಿಯೆನ್ ಎರಡನ್ನೂ ಕೊಟ್ಟ. ವಾಟ್ಸನ್ ಎರಡನೆಯದನ್ನು ಕೊಟ್ಟ, ಅದೂ ಸಾಕಾಯಿತು.

ಮೊದಲನೆಯದನ್ನು ಯಾಕೆ ಕೇಳಬಾರದು ಅಂದರೆ, ಕ್ಲಬ್‌ಗಳೇ ಅದನ್ನು ಕೊಡೋದಿಲ್ಲ. ಅರ್ಜೆಂಟೀನಾದ ರಿವರ್ ಪ್ಲೇಟ್ ನೋಡಿ. 1901ರಲ್ಲಿ ಹುಟ್ಟಿದ ಆ ಕ್ಲಬ್ 2011ರಲ್ಲಿ ಮೊದಲ ಸಲ ಎರಡನೇ ಡಿವಿಷನ್‌ಗೆ ಬಿತ್ತು. ಹಿಂದೆ ಅಲ್ಲೇ ಆಡಿ ಯುರೋಪಿಗೆ ಹೋಗಿದ್ದ ಕವೆನಾಗಿ ಮತ್ತು ದೊಮಿಂಗೆಸ್, ಬಿದ್ದ ಕ್ಲಬ್ ಎತ್ತಲು ವಾಪಸ್ ಬಂದರು. ಫ್ರಾನ್ಸ್ ಪರ ವಿಶ್ವಕಪ್ ಗೆದ್ದಿದ್ದ ಟ್ರೆಜೆಗೆ ಕೂಡ ಬಂದು ಸೇರಿದ, ಅವನು ಬಾಲ್ಯ ಕಳೆದದ್ದು ಅರ್ಜೆಂಟೀನಾದಲ್ಲೇ. ಒಂದೇ ವರ್ಷದಲ್ಲಿ, 2012ರ ಜೂನ್‌ನಲ್ಲಿ ತಂಡ ಮೇಲೆ ಬಂತು. ಕೊನೆಯ ಪಂದ್ಯದ ಎರಡೂ ಗೋಲು ಟ್ರೆಜೆಗೆಯದು. ಸಂಭ್ರಮ ಮುಗಿಯುವ ಮೊದಲೇ ಕವೆನಾಗಿ, ದೊಮಿಂಗೆಸ್ ಇಬ್ಬರೂ ಇನ್ನು ಬೇಡ ಎಂದು ಕೋಚ್ ಹೇಳಿಯಾಗಿತ್ತು! ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ ಅಂತಾರಲ್ಲ, ಹಾಗೆ. ಆದರೂ ಕವೆನಾಗಿ 2014ರಲ್ಲಿ ಮತ್ತೆ ಬಂದ, 2015ರಲ್ಲಿ ರಿವರ್ ಕೋಪಾ ಲಿಬರ್ತದೋರೆಸ್ ಗೆದ್ದಾಗ ಅವನೇ ನಾಯಕ. ಮುನಿಸಿಕೊಂಡು ಕೂತಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ.

ಆದ್ದರಿಂದ ಹಿಂಬಡ್ತಿಯಾದ ತಂಡದ ಅಭಿಮಾನಿಗಳು ಹೊಸಬರ ಮೇಲೆ ಆಸೆ ಇಟ್ಟರೆ ನಾನಿನ್ನು ನಗೋದಿಲ್ಲ. ಆಸೆ ಇಡಲಿ. ಆದರೆ ಜುಲೈನ ಫೋಟೋ ನೋಡಿ ಯಾರನ್ನೂ ತಲೆ ಮೇಲೆ ಕೂರಿಸಿಕೊಳ್ಳೋದು ಬೇಡ, ಹೊರಟವನನ್ನು ದ್ರೋಹಿ ಅನ್ನೋದೂ ಬೇಡ. ನವೆಂಬರ್‌ನ ಮಳೆಯಲ್ಲಿ, 2-0 ಹಿಂದಿರುವಾಗ, ಚೆಂಡು ಕಳೆದುಕೊಂಡವನು ವಾಪಸ್ ಓಡುತ್ತಾನಾ ನೋಡಿ. ಅಷ್ಟು ಸಾಕು.

ಫೈನಲ್ ಮುಗಿದ ರಾತ್ರಿ ಅಕ್ಕನ ಮನೆಗೆ ಫೋನ್ ಮಾಡಿದೆ. ಹಿಂದಿನಿಂದ ಗದ್ದಲವೋ ಗದ್ದಲ. ಈಗ ನನಗಿಂತ ಎತ್ತರ ಬೆಳೆದಿರೋ ಸೋದರಳಿಯನಿಗೆ ಏಳು ವರ್ಷ ಹಳೆಯ ಕ್ಷಮೆ ಕೇಳಿದೆ. ಅವನಿಗೆ ಅದು ನೆನಪೇ ಇರಲಿಲ್ಲ! "ಗೋಲು ಹೊಡೆದವನು ಬಿಟ್ಟು ಹೋಗ್ತಿದಾನಲ್ಲೋ, ಬೇಜಾರಿಲ್ವಾ?" ಅಂತ ಕೇಳಿದೆ.

"ಹೋಗ್ಲಿ ಬಿಡು ಮಾಮ, ಹೊಡೆದೇ ಹೋದನಲ್ಲ" ಅಂದ.

ನಿಮಗೇನನ್ನಿಸುತ್ತೆ? ಹೊರಟು ನಿಂತವನು ಗೆಲ್ಲಿಸಿಕೊಟ್ಟರೆ ಅದನ್ನು ಬದ್ಧತೆ ಅನ್ನಬಹುದಾ? ಒಪ್ಪದಿದ್ದರೂ ಪರವಾಗಿಲ್ಲ, ಬರೆದು ತಿಳಿಸಿ.