ಐವಿಎಫ್‌ಗೆ ಮೊದಲು ಹಳೆಯ ಸೋಂಕು ನೋಡಿ

1978ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಲೂಯಿಸ್ ಬ್ರೌನ್ ಜಗತ್ತಿನ ಮೊದಲ ಪ್ರನಾಳ ಶಿಶು. ತಾಯಿ ಲೆಸ್ಲಿಯ ಅಂಡನಾಳಗಳು ಮುಚ್ಚಿಹೋಗಿದ್ದರಿಂದಲೇ ವೈದ್ಯರು ಈ ದಾರಿ ಹಿಡಿದದ್ದು. "ಟ್ಯೂಬ್ ಬ್ಲಾಕ್ ಆದರೇನಂತೆ, ಐವಿಎಫ್ ಇದೆಯಲ್ಲ" ಎಂದು ಇಂದು ಬಂಧುಗಳು ಧೈರ್ಯ ಹೇಳುವುದುಂಟು. ಆ ಮಾತು ಅರ್ಧ ಮಾತ್ರ ನಿಜ.

ಕಿಬ್ಬೊಟ್ಟೆಯ ಸೋಂಕು ಪೂರ್ತಿ ವಾಸಿಯಾಗದೆ ಮತ್ತೆ ಮತ್ತೆ ಕಾಡಿದರೆ ಅಂಡನಾಳದ ತುದಿ ಬೆಸೆದುಕೊಂಡು ಒಳಗೆ ನೀರು ತುಂಬಬಹುದು. ವೈದ್ಯರು ಹೈಡ್ರೋಸಾಲ್ಪಿಂಕ್ಸ್ ಎನ್ನುವ ಸ್ಥಿತಿಯಿದು. ಆ ನೀರು ಗರ್ಭಕೋಶಕ್ಕೆ ಇಳಿದರೆ, ಲ್ಯಾಬಿನಲ್ಲಿ ಬೆಳೆಸಿ ಒಳಗಿಟ್ಟ ಭ್ರೂಣ ಅಂಟಿಕೊಳ್ಳುವುದೇ ಕಷ್ಟ. ಸ್ಕ್ಯಾಂಡಿನೇವಿಯಾದ ಹಲವು ಆಸ್ಪತ್ರೆಗಳು ಸೇರಿ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ನಾಳವನ್ನು ಮೊದಲೇ ತೆಗೆಸಿಕೊಂಡವರ ಪೈಕಿ ಶೇ 28.6ರಷ್ಟು ಮಂದಿಗೆ ಐವಿಎಫ್‌ನ ಮೊದಲ ಸುತ್ತಿನಲ್ಲೇ ಮಗುವಾಯಿತು. ತೆಗೆಸಿಕೊಳ್ಳದವರಲ್ಲಿ ಆ ಪ್ರಮಾಣ ಶೇ 16.3. ಲ್ಯಾಪರೋಸ್ಕೋಪಿಯಲ್ಲಿ ಮುಗಿಯುವ ಈ ಕೆಲಸವನ್ನು ಬಿಟ್ಟು ಲಕ್ಷಗಟ್ಟಲೆ ಸುರಿಯುವುದು ದಂಪತಿಗೆ ಮಾಡುವ ಅನ್ಯಾಯ.

ನಮ್ಮ ದೇಶದಲ್ಲಿ ಇನ್ನೊಂದು ಅನುಮಾನ ಸದಾ ಇರಬೇಕು: ಕ್ಷಯ. ಕೆಮ್ಮಿಲ್ಲದೆ, ಜ್ವರವಿಲ್ಲದೆ ಅದು ಗರ್ಭಕೋಶ ಸೇರಿರಬಹುದು. ಮುಟ್ಟು ಕಡಿಮೆಯಾಗುತ್ತ ಬರಬಹುದು, ಒಳಪದರ ಗಾಯಗೊಂಡು ತೆಳುವಾಗಬಹುದು. ಕ್ಷಯಕ್ಕೆ ಆರು ತಿಂಗಳ ಮಾತ್ರೆ ಸರ್ಕಾರದಿಂದಲೇ ಉಚಿತವಾಗಿ ಸಿಗುತ್ತದೆ. ಹಾಗೆಂದು ಪಿಸಿಆರ್ ವರದಿಯೊಂದನ್ನೇ ನಂಬಿ ಮಾತ್ರೆ ಶುರುಮಾಡುವುದೂ ಸರಿಯಲ್ಲ. ಬಯಾಪ್ಸಿ, ಕಲ್ಚರ್, ಲ್ಯಾಪರೋಸ್ಕೋಪಿಯಲ್ಲಿ ಕಂಡದ್ದು, ಎಲ್ಲವನ್ನೂ ಜೊತೆಗಿಟ್ಟು ನಿರ್ಧರಿಸಬೇಕು.

ಇದೆಲ್ಲ ಶುರುವಾಗುವುದು ಮಾತ್ರ ಎಷ್ಟೋ ಮೊದಲು. ಸ್ವೀಡನ್ನಿನ ಲುಂಡ್‌ನಲ್ಲಿ ಲಾರ್ಸ್ ವೆಸ್ಟ್ರೋಮ್ ತಂಡ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 1992ರಲ್ಲಿ ಲೆಕ್ಕ ಕೊಟ್ಟಿತು: ಒಮ್ಮೆ ಕಿಬ್ಬೊಟ್ಟೆಯ ಸೋಂಕಾದವರಲ್ಲಿ ಶೇ 8ರಷ್ಟು ಮಂದಿಗೆ ನಾಳ ಕೆಟ್ಟು ಬಂಜೆತನ, ಎರಡು ಬಾರಿಯಾದವರಲ್ಲಿ ಸುಮಾರು ಶೇ 20, ಮೂರು ಅಥವಾ ಹೆಚ್ಚು ಬಾರಿಯಾದವರಲ್ಲಿ ಶೇ 40. ಬಿಳಿಸೆರಗು, ಕಿಬ್ಬೊಟ್ಟೆ ನೋವು ಎಂದು ಹೆಣ್ಣುಮಗಳೊಬ್ಬಳು ಹೇಳಿದಾಗ "ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಎಂದು ಸುಮ್ಮನಾಗಿಸುವ ಮನೆಗಳಿಗೆ ಈ ಅಂಕಿಗಳು ಮೊದಲು ತಲುಪಬೇಕು. ಕ್ಲಮಿಡಿಯಾದಂಥ ಸೋಂಕಿಗೆ ಗಂಡನಿಗೂ ಚಿಕಿತ್ಸೆ ಬೇಕು, ಇಲ್ಲದಿದ್ದರೆ ಅದು ಮರಳಿ ಬರಬಹುದು.

ಯಶಸ್ಸಿನ ಸಾಧ್ಯತೆ ತಿಳಿಸಿ ಸಮಾಲೋಚನೆ ನಡೆಸುವುದು ಕ್ಲಿನಿಕ್‌ಗಳ ಕರ್ತವ್ಯ ಎನ್ನುತ್ತದೆ 2021ರ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯ್ದೆ. ನಾಳದಲ್ಲಿ ನೀರಿದೆಯೇ, ಹಳೆಯ ಸೋಂಕಿನ ಗುರುತಿದೆಯೇ ಎಂಬುದನ್ನು ಹಣ ಕಟ್ಟಿಸಿಕೊಳ್ಳುವ ಮೊದಲೇ ಬರೆದುಕೊಡುವುದನ್ನೂ ಅದರಲ್ಲಿ ಸೇರಿಸಲಿ.