ಮಗುವಿನ ತಟ್ಟೆಗೆ ಕೈ ಹಾಕುವ ಮುನ್ನ

ಈ ಪತ್ರಿಕೆಯ ಹಿಂದಿನ ಸಂಚಿಕೆಯಲ್ಲಿ ಸಂಘದ ಹಿರಿಯ ಸದಸ್ಯರೊಬ್ಬರು ಆಟಿಸಂ ಇರುವ ಮಕ್ಕಳ ಬಗ್ಗೆ ಬರೆದಿದ್ದಾರೆ. ಈ ಮಕ್ಕಳ ಹಟ, ಕೂಗಾಟ, ತಲೆ ಚಚ್ಚಿಕೊಳ್ಳುವ ಚಾಳಿ ಇವೆಲ್ಲಕ್ಕೂ ಆಹಾರವೇ ಮೂಲವಂತೆ. ಗೋಧಿಯನ್ನೂ ಹಾಲನ್ನೂ ಬಿಡಿಸಿದರೆ ಮೂರು ತಿಂಗಳಲ್ಲಿ ಮಗು ‘ಎಲ್ಲರಂತೆ’ ಆಗುತ್ತದಂತೆ. ಲೇಖನದ ನೆತ್ತಿಯ ಮೇಲೆ ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಕೂರಿಸಿದ್ದಾರೆ. ಆ ಗಾದೆಯ ಉಳಿದರ್ಧ ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು. ನಮ್ಮ ಮಗನಿಗೆ ಮಾತು ಬಾರದು. ಆದ್ದರಿಂದ ಅವನ ಪರವಾಗಿ ಈ ಜಗಳವನ್ನು ನಾವೇ ಆಡಬೇಕಾಗಿದೆ.

ಲೇಖಕರ ಮೇಲೆ ನಮಗೆ ಗೌರವವಿದೆ. ಸಂಘದ ಕೆಲಸಕ್ಕೆ ಅವರು ಹೊತ್ತು ಗೊತ್ತಿಲ್ಲದೆ ದುಡಿದವರು. ಬರೆದದ್ದೂ ಸದುದ್ದೇಶದಿಂದಲೇ ಇರಬೇಕು. ಆದರೆ ಅದನ್ನು ಓದಿ ಇದೇ ಊರಿನ ಒಂದಿಬ್ಬರು ತಾಯಂದಿರು ನಾಳೆಯಿಂದಲೇ ಮಗುವಿನ ಚಪಾತಿ, ಮೊಸರು ನಿಲ್ಲಿಸಿಬಿಟ್ಟರೆ? ನಾವು ಹಾಗೆ ನಿಲ್ಲಿಸಿದವರು. ಅದರ ಫಲವನ್ನು ಉಂಡವನು ನಮ್ಮ ಮಗ.

ನಾವು ಧಾರವಾಡದ ಕಡೆಯವರು, ಡೊಂಬಿವಲಿಗೆ ಬಂದು ಹದಿನೆಂಟು ವರ್ಷವಾಯಿತು. ಮಗನಿಗೆ ಆಟಿಸಂ ಇದೆಯೆಂದು ತಿಳಿದಾಗ ಅವನಿಗೆ ಮೂರೂವರೆ ವರ್ಷ. 2022ರಲ್ಲಿ, ಅವನ ಏಳನೆಯ ವಯಸ್ಸಿನಲ್ಲಿ, ಸಂಜೆಯಾದರೆ ಗೋಡೆಗೆ ಹಣೆ ಬಡಿಯುವುದು, ತನ್ನ ಕೈಯನ್ನೇ ಕಚ್ಚಿಕೊಳ್ಳುವುದು ವಿಪರೀತವಾಯಿತು. ಕೆಳಮನೆಯವರು ದೂರು ಕೊಟ್ಟರು. ಸೊಸೈಟಿಯ ಸಭೆಯಲ್ಲಿ ನಮ್ಮ ಮಗ ಚರ್ಚೆಯ ವಿಷಯವಾದ. ಅಂಥ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಕೇಳುವ ಸ್ಥಿತಿ ತಂದೆತಾಯಿಗಳದು. ಪರಿಚಿತರೊಬ್ಬರು ಒಬ್ಬ ಆಹಾರ ಸಲಹೆಗಾರರ ವಿಳಾಸ ಕೊಟ್ಟರು. ಅವರು ಮಗನ ಕೂದಲನ್ನು ಕತ್ತರಿಸಿ ಎಲ್ಲಿಗೋ ಪರೀಕ್ಷೆಗೆ ಕಳಿಸಿ, ಹದಿನಾಲ್ಕು ಪುಟದ ವರದಿ ಕೈಗಿಟ್ಟು, ಗೋಧಿ ಮತ್ತು ಹಾಲು ಅವನ ಪಾಲಿಗೆ ವಿಷವೆಂದರು. ಜೊತೆಗೆ ಏಳು ಬಗೆಯ ಪುಡಿ, ಮಾತ್ರೆ. ಅವನ್ನೂ ಅವರಲ್ಲಿಯೇ ಕೊಳ್ಳಬೇಕು.

ಆಗ ನಮ್ಮ ಮಗ ತಿನ್ನುತ್ತಿದ್ದುದು ಐದೇ ಪದಾರ್ಥ: ಚಪಾತಿ, ಮೊಸರನ್ನ, ಹಾಲು, ಬಾಳೆಹಣ್ಣು, ಒಂದು ಬಗೆಯ ಬಿಸ್ಕತ್ತು. ಗೋಧಿ, ಹಾಲು ತೆಗೆದ ಮೇಲೆ ಉಳಿದದ್ದೆಷ್ಟೆಂದು ಓದುಗರೇ ಲೆಕ್ಕ ಹಾಕಬಹುದು. ನಾವು ಮಾತ್ರ ಆ ಲೆಕ್ಕ ಹಾಕಲಿಲ್ಲ! ಡಬ್ಬಿಗಳ ಮೇಲಿನ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದುವುದರಲ್ಲಿ ಮುಳುಗಿದ್ದೆವು. ಅಂಗಡಿಯ ಇಂಗಿನ ಪುಡಿಯಲ್ಲಿಯೂ ಗೋಧಿಹಿಟ್ಟು ಬೆರೆತಿರುತ್ತದೆಂದು ತಿಳಿದ ದಿನ ಸಾರಿನ ಒಗ್ಗರಣೆಯೂ ಅಪರಾಧಿಯಾಯಿತು. ಗ್ಲುಟೆನ್ ರಹಿತವೆಂದು ಮಾರುವ ಹಿಟ್ಟು, ಬಿಸ್ಕತ್ತುಗಳಿಗೆ ಸುರಿದ ಹಣದಲ್ಲಿ ಮನೆಯ ದಿನಸಿ ಎರಡು ತಿಂಗಳು ನಡೆಯುತ್ತಿತ್ತು. ಮಗ ಅವನ್ನು ಮೂಸಿ ನೋಡಿ ಎಸೆಯುತ್ತಿದ್ದ.

ಮೊದಲ ಎರಡು ವಾರ ಗುಣ ಕಂಡಿತೆಂಬುದನ್ನು ಮುಚ್ಚಿಡುವುದಿಲ್ಲ. ನಿದ್ದೆ ಸುಧಾರಿಸಿತು, ಕೂಗಾಟ ತಗ್ಗಿತು. ನಾವು ಹಿಗ್ಗಿದೆವು, ನೆಂಟರಿಷ್ಟರಿಗೆ ಫೋನು ಮಾಡಿ ಹೇಳಿದೆವು. ಹಿಂದಿನ ಸಂಚಿಕೆಯ ಲೇಖಕರು ಹೇಳುವ ‘ಕಣ್ಣಾರೆ ಕಂಡ ಗುಣ’ ಇದೇ ಇರಬೇಕು. ಆದರೆ ಆ ಎರಡು ವಾರ ಇನ್ನೇನೇನು ಬದಲಾಗಿತ್ತು? ದಿನಕ್ಕೆ ನಾಲ್ಕೈದು ಲೋಟ ಕುಡಿಯುತ್ತಿದ್ದ ಹಾಲು ನಿಂತಿತ್ತು. ಮಗನ ತಂದೆ ಎರಡು ಲೋಕಲ್ ಮೊದಲೇ ಹಿಡಿದು ಮನೆಗೆ ಬರುತ್ತಿದ್ದರು. ಇಡೀ ಮನೆಯ ಕಣ್ಣು ಅವನ ಮೇಲಿತ್ತು. ಇಷ್ಟರಲ್ಲಿ ಯಾವುದು ಕೆಲಸ ಮಾಡಿತೆಂದು ಹೇಳುವುದು ಹೇಗೆ?

ಇಂಥ ಭ್ರಮೆಗೆ ಒಂದು ಪ್ರಸಿದ್ಧ ನಿದರ್ಶನವಿದೆ. 1998ರಲ್ಲಿ ಸೆಕ್ರೆಟಿನ್ ಎಂಬ ಜೀರ್ಣಾಂಗದ ಹಾರ್ಮೋನನ್ನು ಚುಚ್ಚಿದರೆ ಆಟಿಸಂ ಗುಣವಾಗುತ್ತದೆಂಬ ಸುದ್ದಿ ಅಮೆರಿಕದಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. 1999ರಲ್ಲಿ ವೈದ್ಯರು ಸರಿಯಾದ ಪರೀಕ್ಷೆ ನಡೆಸಿದರು. ಕೆಲವು ಮಕ್ಕಳಿಗೆ ಸೆಕ್ರೆಟಿನ್, ಉಳಿದವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ತಂದೆತಾಯಿಗಳಿಗೆ ತಿಳಿಸಿರಲಿಲ್ಲ. ಎರಡೂ ಗುಂಪಿನ ಮಕ್ಕಳಲ್ಲಿ ‘ಗುಣ’ ಕಂಡಿತು, ಸೆಕ್ರೆಟಿನ್ನಿನಿಂದ ಹೆಚ್ಚೇನೂ ಆಗಿರಲಿಲ್ಲ. ಫಲಿತಾಂಶವನ್ನು ತಿಳಿಸಿದ ಮೇಲೂ ನೂರಕ್ಕೆ 69 ತಂದೆತಾಯಿಗಳು ತಮಗೆ ಆ ಚುಚ್ಚುಮದ್ದಿನಲ್ಲಿ ಆಸಕ್ತಿಯಿದೆ ಎಂದರಂತೆ. ಅವರನ್ನು ನೋಡಿ ನಗುವ ಹಕ್ಕು ನಮಗಿಲ್ಲ. ನಾವಿದ್ದರೂ ಹಾಗೆಯೇ ಹೇಳುತ್ತಿದ್ದೆವು.

ಇರಲಿ, ಗೋಧಿ–ಹಾಲಿನ ವಾದಕ್ಕೆ ಬರೋಣ. 1979ರಲ್ಲಿ ಯಾಕ್ ಪಾಂಕ್‌ಸೆಪ್ ಎಂಬ ವಿಜ್ಞಾನಿ ಆಟಿಸಂ ಇರುವ ಮಕ್ಕಳ ನಡವಳಿಕೆಗೂ ಅಫೀಮಿನಂಥ ವಸ್ತುಗಳ ಪರಿಣಾಮಕ್ಕೂ ಹೋಲಿಕೆಯಿದೆ ಎಂದು ಸೂಚಿಸಿದರು. ಬಳಿಕ ಬೇರೆಯವರು ಅದನ್ನು ಬೆಳೆಸಿ, ಗೋಧಿಯ ಗ್ಲುಟೆನ್ ಮತ್ತು ಹಾಲಿನ ಕೇಸೀನ್ ಪೂರ್ತಿ ಜೀರ್ಣವಾಗದೆ, ಅವುಗಳ ತುಣುಕುಗಳು ಕರುಳಿನಿಂದ ಸೋರಿ ಮಿದುಳಿಗೆ ಅಮಲೇರಿಸುತ್ತವೆ ಎಂದರು. ಕೇಳಲು ಚೆಂದವಾದ ಊಹೆ. ಈ ತುಣುಕುಗಳು ಮಕ್ಕಳ ಮೂತ್ರದಲ್ಲಿ ಸಿಕ್ಕಿವೆ ಎಂದೂ ಹೇಳಲಾಗಿತ್ತು. ಹೆಚ್ಚು ನಿಖರವಾದ ಉಪಕರಣಗಳಿಂದ ಹುಡುಕಿದವರಿಗೆ ಅವು ಸಿಗಲಿಲ್ಲ. ಇನ್ನು ಪಥ್ಯದ ಪರೀಕ್ಷೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು 14 ಮಕ್ಕಳನ್ನು ಕಟ್ಟುನಿಟ್ಟಾದ ಪಥ್ಯದಲ್ಲಿಟ್ಟು, ನಡುನಡುವೆ ಯಾರಿಗೂ ತಿಳಿಯದಂತೆ ತಿಂಡಿಯಲ್ಲಿ ಗೋಧಿ ಇಲ್ಲವೆ ಹಾಲಿನ ಅಂಶ ಬೆರೆಸಿ ಕೊಟ್ಟು ನೋಡಿದರು. ನಿದ್ದೆ, ಮಲವಿಸರ್ಜನೆ, ನಡವಳಿಕೆ ಯಾವುದರಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಅಚ್ಚಾದ ಅಧ್ಯಯನವಿದು. ಹದಿನಾಲ್ಕು ಮಕ್ಕಳು ಹೆಚ್ಚಲ್ಲ, ಒಪ್ಪುತ್ತೇವೆ. ಆದರೆ ‘ಮೂರು ತಿಂಗಳಲ್ಲಿ ಎಲ್ಲರಂತೆ’ ಎಂಬಷ್ಟು ದೊಡ್ಡ ಗುಣವಿದ್ದರೆ ಹದಿನಾಲ್ಕರಲ್ಲಿಯೂ ಅದು ಎದ್ದು ಕಾಣಬೇಕಿತ್ತಲ್ಲವೆ? ಇಂಗ್ಲೆಂಡಿನ ವೈದ್ಯಕೀಯ ಮಾರ್ಗಸೂಚಿ ಸಂಸ್ಥೆ 2013ರಲ್ಲಿಯೇ ಆಟಿಸಂನ ಮೂಲ ಲಕ್ಷಣಗಳಿಗೆ ಈ ಪಥ್ಯವನ್ನು ಹೇಳಬೇಡಿರೆಂದು ವೈದ್ಯರಿಗೆ ತಿಳಿಸಿತು.

‘ಗುಣವಾಗದಿದ್ದರೆ ನಷ್ಟವೇನು, ಮಾಡಿ ನೋಡಿ’ ಎಂದು ಲೇಖಕರು ಕೊನೆಯಲ್ಲಿ ಹೇಳಿದ್ದಾರೆ. ಇಡೀ ಲೇಖನದಲ್ಲಿ ನಮ್ಮನ್ನು ನೋಯಿಸಿದ ವಾಕ್ಯ ಇದು. ನಷ್ಟವೇನೆಂದು ಕೇಳಿ. ಆರು ತಿಂಗಳಲ್ಲಿ ನಮ್ಮ ಮಗ 22 ಕಿಲೋದಿಂದ 19 ಕಿಲೋಕ್ಕೆ ಇಳಿದ. ಬೆಳೆಯುವ ಮಗು ಮೂರು ಕಿಲೋ ಇಳಿಯುವುದೆಂದರೆ! 2008ರಲ್ಲಿ ಅಮೆರಿಕದಲ್ಲಿ ಆಟಿಸಂ ಇರುವ 75 ಹುಡುಗರ ಕೈಮೂಳೆಗಳನ್ನು ಎಕ್ಸ್‌ರೇಯಲ್ಲಿ ಪರೀಕ್ಷಿಸಿದಾಗ ಮೂಳೆಯ ಗಟ್ಟಿಪದರ ಇರಬೇಕಾದುದಕ್ಕಿಂತ ತೆಳುವಾಗಿತ್ತು. ಹಾಲು ಬಿಟ್ಟವರಲ್ಲಿ ಇನ್ನೂ ತೆಳು. ರಾಗಿ ಕೊಡಿ ಎನ್ನುತ್ತೀರಿ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂ ಮೀರಿ ಸುಣ್ಣದಂಶವಿದೆ, ನಿಜ. ತಿಂದರೆ ತಾನೆ? ಮುದ್ದೆಯ ಬಣ್ಣ ಕಂಡರೆ ಅವನು ಕೋಣೆ ಬಿಟ್ಟು ಓಡುತ್ತಾನೆ. ಇದು ಕೊಬ್ಬಿನ ಹಟವಲ್ಲ ಸ್ವಾಮಿ. 1943ರಲ್ಲಿ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ಮೊದಲ ಬಾರಿಗೆ ಬರೆದಾಗಲೇ ಅವರಲ್ಲಿ ಹಲವರಿಗೆ ಶೈಶವದಿಂದಲೂ ಊಟದ ತೊಂದರೆ ಇದ್ದುದನ್ನು ಗುರುತಿಸಿದ್ದರು. ಬಣ್ಣ, ವಾಸನೆ, ನಾಲಗೆಗೆ ತಗಲುವ ಬಗೆ, ಇವು ನಮಗೆ ಸಣ್ಣವು, ಅವರಿಗೆ ಅಲ್ಲ.

ಆರನೆಯ ತಿಂಗಳಲ್ಲಿ ಹುಬ್ಬಳ್ಳಿಯಿಂದ ಅವ್ವ ಬಂದರು. ಸಂಜೆ ಮೊಮ್ಮಗ ಹಣೆ ಬಡಿದುಕೊಳ್ಳುವುದನ್ನು ನೋಡಿ, ಅವನ ಹೊಟ್ಟೆ ಮುಟ್ಟಿ, “ಹುಡುಗ ಹಸದಾನ. ಮೊದಲ ಉಣ್ಣಾಕ ಹಾಕ್ರಿ, ಔಷಧ ಆಮ್ಯಾಲೆ ನೋಡೂಣು. ಹೊಟ್ಟಿ ನೋಡ್ರಿ, ಕಲ್ಲಾಗೇತಿ” ಅಂದರು. ಏಳು ಪುಡಿ ಕೊಟ್ಟವರು ಒಂದು ಸಲವೂ ಅವನ ಹೊಟ್ಟೆ ಮುಟ್ಟಿ ನೋಡಿರಲಿಲ್ಲ. ಮರುದಿನವೇ ಮಕ್ಕಳ ವೈದ್ಯರಲ್ಲಿಗೆ ಒಯ್ದೆವು. ದೊಡ್ಡ ಕರುಳಿನಲ್ಲಿ ಮಲ ಕಟ್ಟಿಕೊಂಡಿತ್ತು. ರಕ್ತದಲ್ಲಿ ಕಬ್ಬಿಣದಂಶ ಕುಸಿದಿತ್ತು. ನಾಲ್ಕೈದು ಲೋಟ ಹಾಲು ಕುಡಿಯುತ್ತಿದ್ದಾಗಲೇ ಮಲಬದ್ಧತೆ ಶುರುವಾಗಿರಬೇಕು, ಪಥ್ಯದಲ್ಲಿ ನಾರಿನಂಶವಿರುವ ಚಪಾತಿಯೂ ಹೋಗಿ ಅದು ಮತ್ತೆ ಬಲಿತಿದೆ ಎಂದರು ವೈದ್ಯರು. ಹಣೆ ಬಡಿದುಕೊಳ್ಳುತ್ತ ನಮ್ಮ ಮಗ ಆರು ತಿಂಗಳಿನಿಂದ ಹೇಳುತ್ತಿದ್ದುದು ‘ಹೊಟ್ಟೆ ನೋಯುತ್ತಿದೆ’ ಎಂದು. ನಾವು ಅದನ್ನು ಆಟಿಸಂ ಎಂದು ಓದಿಕೊಂಡೆವು.

ಆಹಾರಕ್ಕೂ ನಡವಳಿಕೆಗೂ ಸಂಬಂಧವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಹಸಿದ ಮಗು, ಮಲ ಕಟ್ಟಿದ ಮಗು, ಹುಳುಕುಹಲ್ಲಿನ ಮಗು ಮಾತು ಬಾರದಿದ್ದರೆ ಕೂಗದೆ ಇನ್ನೇನು ಮಾಡೀತು? ಗೋಧಿಯಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಎಂಬ ರೋಗವಿದೆ, ಹಾಲಿನ ಅಲರ್ಜಿಯಿದೆ, ಹಾಲಿನ ಸಕ್ಕರೆ ಅರಗದವರಂತೂ ನಮ್ಮ ದೇಶದಲ್ಲಿ ಬಹಳ. ಅಂಥವರಿಗೆ ಪಥ್ಯವೇ ಔಷಧ, ಆಟಿಸಂ ಇರಲಿ ಬಿಡಲಿ. ಆದರೆ ಮೊದಲು ಪರೀಕ್ಷೆಯಾಗಬೇಕು. ಸೀಲಿಯಾಕ್ ರೋಗದ ರಕ್ತಪರೀಕ್ಷೆ ಗೋಧಿ ತಿನ್ನುತ್ತಿರುವಾಗಲೇ ಆಗಬೇಕು. ತಿಂಗಳುಗಟ್ಟಲೆ ಬಿಡಿಸಿ ಆಮೇಲೆ ಮಾಡಿಸಿದರೆ ರೋಗವಿದ್ದರೂ ಗೊತ್ತಾಗದೆ ಹೋಗಬಹುದು. ‘ಮಾಡಿ ನೋಡಿ’ ಎನ್ನುವವರು ಇದನ್ನು ಹೇಳುವುದೇ ಇಲ್ಲ.

ವೈದ್ಯರು ನಮ್ಮಿಂದ ಒಂದು ನೋಟ್‌ಬುಕ್ ಬರೆಸಿದರು. ಎಷ್ಟು ಹೊತ್ತಿಗೆ ಕೂಗಿದ, ಅದಕ್ಕೆ ಮೊದಲು ಏನಾಗಿತ್ತು, ನಾವೇನು ಮಾಡಿದೆವು, ಏನು ತಿಂದ, ಶೌಚಕ್ಕೆ ಯಾವಾಗ ಹೋದ. ಒಂದು ತಿಂಗಳಲ್ಲಿ ಎರಡು ಸಂಗತಿ ಹೊರಬಿದ್ದವು. ಎರಡು ದಿನ ಶೌಚವಾಗದಿದ್ದರೆ ಮೂರನೆಯ ಸಂಜೆ ರಂಪ ಖಂಡಿತ. ಇನ್ನೊಂದು, ಪಕ್ಕದ ಮನೆಯಲ್ಲಿ ಆರು ಗಂಟೆಗೆ ಮಿಕ್ಸರ್ ತಿರುಗಿದರೆ ಅವನ ಕೈ ಬಾಯಿಗೆ ಹೋಗುತ್ತದೆ. ಕೇಳಿಕೊಂಡಾಗ ಪಕ್ಕದ ಮರಾಠಿ ಬಾಯಿ ಚಟ್ನಿಯನ್ನು ಬೆಳಿಗ್ಗೆಯೇ ರುಬ್ಬಿಡುತ್ತೇನೆಂದರು. ಯಾವ ಪುಡಿಯೂ ಮಾಡದ ಉಪಕಾರವದು.

ಚಪಾತಿ, ಮೊಸರು ಮರಳಿ ಬಂದವು. ಹಾಲು ದಿನಕ್ಕೆ ಎರಡೇ ಲೋಟ. ಹೊಸ ತಿನಿಸನ್ನು ಹಳೆಯದರ ಪಕ್ಕದಲ್ಲಿ ಚೂರೇ ಚೂರು ಇಡುವುದು, ತಿನ್ನೆಂದು ಒತ್ತಾಯಿಸದಿರುವುದು, ಎಸೆದರೆ ಎತ್ತಿ ಸುಮ್ಮನಾಗುವುದು. ಜೋಳದ ರೊಟ್ಟಿಯನ್ನು ಚಪಾತಿಯಷ್ಟೇ ತೆಳ್ಳಗೆ, ಅದೇ ಅಳತೆಗೆ ಬಡಿದು ಇಡುತ್ತಿದ್ದೆವು. ಅದನ್ನು ಬಾಯಿಗಿಡಲು ಹನ್ನೊಂದು ವಾರ ಹಿಡಿಯಿತು. ಇಂದು ಅವನು ಒಂಬತ್ತು ಪದಾರ್ಥ ತಿನ್ನುತ್ತಾನೆ. ಆಟಿಸಂ ಹೋಗಿಲ್ಲ, ಮಾತು ಬಂದಿಲ್ಲ. ಹಣೆಯ ಗಾಯ ಮಾತ್ರ ಮಾದಿದೆ.

ಇನ್ನೊಂದು ಮಾತನ್ನು ಹೇಳದೆ ಬಿಡುವುದಿಲ್ಲ. ‘ಇಂದಿನ ತಾಯಂದಿರು ಅಡಿಗೆಮನೆ ಮರೆತು ಪಾಕೀಟಿನ ತಿಂಡಿ ಕೊಡುವುದರಿಂದ’ ಇಂಥ ಮಕ್ಕಳು ಹೆಚ್ಚುತ್ತಿದ್ದಾರೆಂದು ಲೇಖಕರ ಅಭಿಪ್ರಾಯ. ಇದು ಹಳೆಯ ಆರೋಪ, ಅಂಗಿ ಮಾತ್ರ ಹೊಸದು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಪುಸ್ತಕ ಬರೆದು, ಪ್ರೀತಿಯಿಲ್ಲದ ತಂದೆತಾಯಿಗಳಿಂದ ಆಟಿಸಂ ಬರುತ್ತದೆಂದು ಲೋಕವನ್ನು ನಂಬಿಸಿದರು. ಎಷ್ಟೋ ತಾಯಂದಿರು ಆ ಕಳಂಕ ಹೊತ್ತು ಬದುಕಿದರು. ಅದಕ್ಕೂ ಮೊದಲೇ, 1964ರಲ್ಲಿ, ಸ್ವತಃ ಇಂಥ ಮಗುವಿನ ತಂದೆಯಾದ ಬರ್ನಾರ್ಡ್ ರಿಮ್‌ಲ್ಯಾಂಡ್ ಈ ವಾದದ ಬುಡಕ್ಕೆ ಕೊಡಲಿ ಹಾಕಿದ್ದರು. ಮುಂದೆ ಅದೇ ರಿಮ್‌ಲ್ಯಾಂಡ್ ವಿಟಮಿನ್, ಪಥ್ಯಗಳ ದೊಡ್ಡ ಪ್ರಚಾರಕರಾದರೆಂಬುದು ಬೇರೆ ಮಾತು! ನಮ್ಮೂರ ಬಸವಣ್ಣನ ಗುಡಿಯ ಸುತ್ತ ದಿನವಿಡೀ ಸುತ್ತುತ್ತಿದ್ದ, ಯಾರೊಡನೆಯೂ ಮಾತಾಡದ, ತನ್ನ ಗಿಂಡಿ ಅರ್ಧ ಅಡಿ ಸರಿಸಿದರೂ ಚೀರುತ್ತಿದ್ದ ಮನುಷ್ಯನೊಬ್ಬನಿದ್ದ. ಊರು ಅವನನ್ನು ಹುಚ್ಚ ಎನ್ನುತ್ತಿತ್ತು. ಇಂದಿನ ವೈದ್ಯರು ಏನೆನ್ನುತ್ತಿದ್ದರೋ. ಅವನು ಉಂಡದ್ದು ಜೋಳದ ರೊಟ್ಟಿ. ಪಾಕೀಟಿನ ತಿಂಡಿ ಅವನು ಕಂಡವನೇ ಅಲ್ಲ.

ಸಂಪಾದಕರಲ್ಲಿ ವಿನಂತಿ: ಆರೋಗ್ಯದ ಲೇಖನಗಳನ್ನು ಅಚ್ಚಿಗೆ ಕೊಡುವ ಮೊದಲು ವೈದ್ಯರೊಬ್ಬರ ಕಣ್ಣಿಗೆ ಹಾಕಿಸಿ. ನಮ್ಮ ಸದಸ್ಯರಲ್ಲಿಯೇ ವೈದ್ಯರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸೇರಿದೆ, ಪ್ರಮಾಣಪತ್ರ ಹೇಗೆ ಪಡೆಯಬೇಕೆಂಬುದನ್ನು ಬಲ್ಲವರಿಂದ ಬರೆಸಿ. ಹೊರನಾಡಿನಲ್ಲಿ ಭಾಷೆ ಬಾರದೆ ಕಚೇರಿ ಅಲೆಯುವವರಿಗೆ ಅದು ಪಥ್ಯಕ್ಕಿಂತ ಉಪಯೋಗ.

ಬಂಧುಗಳಲ್ಲಿ ಇನ್ನೊಂದು. ಬರುವ ರಾಜ್ಯೋತ್ಸವದ ಊಟಕ್ಕೆ ನಾವು ಮಗನನ್ನು ಕರೆತರುತ್ತೇವೆ. ಕಳೆದ ಮೂರು ವರ್ಷ ತಂದಿರಲಿಲ್ಲ. ಅವನ ಎಲೆಯ ಪಕ್ಕದಲ್ಲಿ ಮನೆಯ ಡಬ್ಬಿ ಇರುತ್ತದೆ, ಅದರಲ್ಲಿ ಚಪಾತಿ, ಮೊಸರು. ಬಡಿಸುವವರು ಹೋಳಿಗೆ ಹಾಕಬೇಕೆಂದು ಒತ್ತಾಯಿಸಬೇಡಿ, ಡಬ್ಬಿ ಏಕೆಂದು ಕೇಳಲೂ ಬೇಡಿ. ಧ್ವನಿವರ್ಧಕದಿಂದ ದೂರ, ಬಾಗಿಲ ಬಳಿ ಒಂದು ಜಾಗ ಹಿಡಿದಿಟ್ಟರೆ ಸಾಕು.